ವಿದ್ಯಾರ್ಥಿಗಳ ಪತ್ರಿಕೆಯನ್ನು ಕಟ್ಟಿದ ಗುರು

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ‘ಕವಿರಾಜಮಾರ್ಗ’. ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ ಅದು ರಚಿತವಾಯಿತು. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಆ ಗ್ರಂಥವು ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣ, ಎಂದರೆ ಇಂದಿನ ಕೊಪ್ಪಳವೂ ಒಂದು. ರಾಯಚೂರು ಜಿಲ್ಲೆಯ ಪಾಮನಕಲ್ಲೂರು, ಮಸ್ಕಿ, ಸಿಂಧನೂರುಗಳ ಕಡೆಯ ಮಕ್ಕಳಿಗೆ ಅದು ನೆರೆಯ ನಾಡು. ಬರೆಯುವವರೆಲ್ಲರೂ ನೆನಪಿನಲ್ಲಿಡಬೇಕಾದ ಒಂದು ಮಾತಿನ ಸಾರಾಂಶ ಆ ಗ್ರಂಥದಲ್ಲಿದೆ. ಕಣ್ಣು ಲೋಕವನ್ನೆಲ್ಲ ನೋಡಬಲ್ಲುದು. ಆದರೆ ತನಗೆ ಹಚ್ಚಿದ ಕಾಡಿಗೆಯನ್ನು ಮಾತ್ರ ಅದು ನೋಡಲಾರದು. ಹಾಗೆಯೇ ಬರೆಯುವವನಿಗೆ ತನ್ನ ಬರವಣಿಗೆಯ ದೋಷ ತಾನಾಗಿ ಕಾಣುವುದಿಲ್ಲ. ಅದನ್ನು ಕಾಣಲು ಮತ್ತೊಬ್ಬರ ಕಣ್ಣು ಬೇಕು.

ಸಾವಿರ ವರ್ಷಗಳ ಹಿಂದಿನ ಈ ತಿಳಿವಳಿಕೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಲೇಜಿನ ತರುಣರ ನಡುವೆ ಒಂದು ನಿತ್ಯದ ಅಭ್ಯಾಸವನ್ನಾಗಿ ಬೆಳೆಸಿದವರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಪ್ರಮುಖರು. ಇತರರ ಬರಹವನ್ನು ತಿದ್ದುವುದರಲ್ಲಿ ಅವರು ಎಷ್ಟು ನಿಷ್ಠುರರಾಗಿದ್ದರೋ ತಮ್ಮ ಬರಹವನ್ನು ಗೆಳೆಯರ ಮುಂದಿಡುವುದರಲ್ಲಿ ಅಷ್ಟೇ ವಿನಯಶಾಲಿಗಳಾಗಿದ್ದರು. ‘ವಚನ ಭಾರತ’ದ ಕರ್ತೃಗಳೆಂದು ಅವರ ಹೆಸರು ಕನ್ನಡಿಗರ ಮನೆಮನೆಯಲ್ಲಿಯೂ ಪರಿಚಿತವಾಗಿದೆ. ಆ ಗ್ರಂಥಕ್ಕೆ ಬಹಳ ಹಿಂದೆಯೇ ಅವರು ಕಟ್ಟಿದ ಒಂದು ಸಂಘ ಮತ್ತು ಒಂದು ಪತ್ರಿಕೆಯ ಕಥೆಯನ್ನು ವಿದ್ಯಾರ್ಥಿಗಳಾದವರು ಅವಶ್ಯವಾಗಿ ತಿಳಿಯಬೇಕು.

ಕೃಷ್ಣಶಾಸ್ತ್ರಿಗಳು ಜನಿಸಿದುದು ೧೮೯೦ನೆಯ ಇಸವಿ ಫೆಬ್ರವರಿ ೧೨ರಂದು. ಅವರ ಹೆಸರಿನ ಮೊದಲ ಅಕ್ಷರವು ಅಂಬಳೆ ಎಂಬ ಊರನ್ನೂ ಎರಡನೆಯ ಅಕ್ಷರವು ತಂದೆ ರಾಮಕೃಷ್ಣಶಾಸ್ತ್ರಿಗಳನ್ನೂ ಸೂಚಿಸುತ್ತವೆ. ತಂದೆಯವರು ಸಂಸ್ಕೃತ ವ್ಯಾಕರಣದಲ್ಲಿ ಪಂಡಿತರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನು ತಂದೆಯ ಪಾಂಡಿತ್ಯದ ನೆರಳಿನಲ್ಲಿ ಬೆಳೆದನು. ವ್ಯಾಕರಣವೆಂದರೆ ಶಬ್ದದ ಶುದ್ಧಿಯನ್ನು ವಿಚಾರಿಸುವ ಶಾಸ್ತ್ರ. ಒಂದು ಪದ ಏಕೆ ಹೀಗಿರಬೇಕು, ಹಾಗೆ ಏಕೆ ಇರಬಾರದು ಎಂಬ ಪ್ರಶ್ನೆಯನ್ನು ಕೇಳದೆ ಅದು ಮುಂದಕ್ಕೆ ಹೋಗುವುದಿಲ್ಲ. ಅಂಥ ಮನೆಯಲ್ಲಿ ಬೆಳೆದವರಿಗೆ ಪದಗಳನ್ನು ತೂಗಿ ನೋಡುವ ಬುದ್ಧಿ ಎಳೆತನದಲ್ಲಿಯೇ ಬರುವುದು ಸಹಜ. ಶಾಸ್ತ್ರಿಗಳ ಬರವಣಿಗೆಯಲ್ಲಿ ಸಡಿಲವಾದ ಒಂದು ವಾಕ್ಯವೂ ಸಿಕ್ಕದಿರುವುದಕ್ಕೆ ಈ ಸಂಸ್ಕಾರವೇ ಮೂಲ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಶಾಸ್ತ್ರಿಗಳು ಬಿ. ಎ. ಪದವಿಯನ್ನು ಪಡೆದರು. ಕೆಲವು ಕಾಲ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿಯೂ ದುಡಿದರು. ಕಡತಗಳ ನಡುವೆ ಅವರ ಮನಸ್ಸು ನಿಲ್ಲಲಿಲ್ಲ. ಮುಂದೆ ಮದರಾಸು ವಿಶ್ವವಿದ್ಯಾನಿಲಯದ ಎಂ. ಎ. ಪದವಿಯನ್ನು ಸಂಪಾದಿಸಿ ಅಧ್ಯಾಪನ ವೃತ್ತಿಯನ್ನು ಕೈಗೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸುವ ಅವಕಾಶ ಅವರಿಗೆ ದೊರೆಯಿತು. ಅಲ್ಲಿಂದ ಅವರ ಜೀವನದ ನಿಜವಾದ ಕಾರ್ಯ ಆರಂಭವಾಯಿತೆಂದು ಹೇಳಬಹುದು.

ಆಗಿನ ಕಾಲದಲ್ಲಿ ಕಾಲೇಜುಗಳಲ್ಲಿ ಕನ್ನಡದ ಸ್ಥಿತಿ ಹೇಗಿದ್ದಿತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಚರಿತ್ರೆ, ಗಣಿತ, ವಿಜ್ಞಾನ ಮೊದಲಾದ ಎಲ್ಲ ವಿಷಯಗಳ ಬೋಧನೆಯೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ವಿದ್ಯಾವಂತರು ತಮ್ಮತಮ್ಮೊಳಗೆ ಪತ್ರ ಬರೆಯುವುದೂ ಸಭೆಗಳಲ್ಲಿ ಮಾತನಾಡುವುದೂ ಇಂಗ್ಲಿಷಿನಲ್ಲಿಯೇ. ಮನೆಯಲ್ಲಿ ಕನ್ನಡವನ್ನಾಡುವ ತರುಣನು ಕಾಲೇಜಿಗೆ ಬಂದೊಡನೆ ಆ ಭಾಷೆಯಲ್ಲಿ ಒಂದು ಗಂಭೀರವಾದ ವಿಷಯವನ್ನು ಕುರಿತು ಎರಡು ಪುಟ ಬರೆಯಲಾರದವನಾಗುತ್ತಿದ್ದನು. ಕನ್ನಡವು ಕಥೆ ಪುರಾಣಗಳಿಗೆ ಸಾಕು, ಹೊಸ ಕಾಲದ ವಿಚಾರಗಳಿಗೆ ಸಾಲದು ಎಂಬ ಭಾವನೆ ಎಲ್ಲೆಡೆಯೂ ಹರಡಿತ್ತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಆರಂಭವಾಯಿತು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮಿತ್ರರೊಡನೆ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಹೀಗೆ ಹಿರಿಯರ ಪ್ರಯತ್ನಗಳು ನಡೆದಿದ್ದವು. ಆದರೆ ಮುಂದಿನ ತಲೆಮಾರಿನವರು ಕನ್ನಡದಲ್ಲಿ ಬರೆಯಲು ಕಲಿಯದಿದ್ದರೆ ಈ ಪ್ರಯತ್ನಗಳೆಲ್ಲವೂ ಹಿರಿಯರೊಡನೆಯೇ ಮುಗಿದುಹೋಗುವ ಅಪಾಯವಿತ್ತು.

ಶಾಸ್ತ್ರಿಗಳು ಈ ಅಪಾಯವನ್ನು ಚೆನ್ನಾಗಿ ಅರಿತಿದ್ದರು. ತರಗತಿಯಲ್ಲಿ ಹಳೆಯ ಕಾವ್ಯಗಳಿಗೆ ಅರ್ಥ ಹೇಳಿದರೆ ವಿದ್ಯಾರ್ಥಿಯು ಓದುಗನಾದಾನು. ಅವನು ಬರಹಗಾರನಾಗಬೇಕಾದರೆ ಸ್ವತಃ ಬರೆಯಬೇಕು, ಬರೆದುದನ್ನು ನಾಲ್ವರಿಗೆ ಓದಿ ಹೇಳಬೇಕು, ಅವರು ಹೇಳಿದುದನ್ನು ಕೇಳಿ ಮತ್ತೆ ಬರೆಯಬೇಕು. ಇದಕ್ಕೆ ತರಗತಿಯ ಒಂದು ಗಂಟೆಯ ಅವಧಿ ಸಾಲದು. ಆದುದರಿಂದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನು ಕಟ್ಟಿದರು. ಕನ್ನಡದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಅದರಲ್ಲಿ ಕಲೆತರು. ಮುಂದೆ ಕನ್ನಡ ನಾಡಿನ ಅನೇಕ ಕಾಲೇಜುಗಳಲ್ಲಿ ಹುಟ್ಟಿಕೊಂಡ ಕನ್ನಡ ಸಂಘಗಳಿಗೆ ಇದು ಮಾದರಿಯಾಯಿತು.

ಈ ಸಂಘದ ವತಿಯಿಂದ ೧೯೧೯ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಎಂಬ ತ್ರೈಮಾಸಿಕ ಪತ್ರಿಕೆಯು ಜನ್ಮ ತಾಳಿತು. ಪ್ರಬುದ್ಧವೆಂದರೆ ಎಚ್ಚತ್ತದ್ದು ಎಂದರ್ಥ. ಎಚ್ಚತ್ತ ಕರ್ಣಾಟಕದ ವಾಣಿಯು ಒಂದು ಕಾಲೇಜಿನ ಸಂಘದಿಂದ ಹೊರಟಿತೆಂಬುದು ಸಾಮಾನ್ಯ ಸಂಗತಿಯಲ್ಲ. ಶಾಸ್ತ್ರಿಗಳು ಅದರ ಸಂಪಾದಕರಾದರು. ಪತ್ರಿಕೆಯೆಂದರೆ ಅಚ್ಚಿನ ವೆಚ್ಚ, ಕಾಗದದ ವೆಚ್ಚ, ಅಂಚೆಯ ವೆಚ್ಚ ಎಲ್ಲವೂ ಇರುತ್ತವೆ. ಚಂದಾದಾರರು ಬೇಕು, ಲೇಖನಗಳು ಬೇಕು, ಮೂರು ತಿಂಗಳಿಗೊಮ್ಮೆ ತಪ್ಪದೆ ಸಂಚಿಕೆ ಹೊರಬರಬೇಕು. ವೇತನವಿಲ್ಲದ ಈ ಕಾರ್ಯವನ್ನು ಶಾಸ್ತ್ರಿಗಳು ಹಲವು ವರ್ಷಗಳ ಕಾಲ ಹೊತ್ತು ನಡೆಸಿದರು. ಸಾಹಿತ್ಯ, ಚರಿತ್ರೆ, ಶಾಸ್ತ್ರ, ವಿಮರ್ಶೆ ಮೊದಲಾದ ವಿಷಯಗಳಿಗೆ ಅದರಲ್ಲಿ ಸ್ಥಳ ದೊರೆಯಿತು. ಹಿರಿಯ ವಿದ್ವಾಂಸರ ಲೇಖನಗಳ ಪಕ್ಕದಲ್ಲಿಯೇ ಹೊಸದಾಗಿ ಬರೆಯುವವರ ಲೇಖನಗಳಿಗೂ ಎಡೆ ಸಿಕ್ಕಿತು.

ಹೊಸ ಲೇಖಕನಿಗೆ ಇದು ಗೌರವವೂ ಹೌದು, ಪರೀಕ್ಷೆಯೂ ಹೌದು. ಹಿರಿಯರ ಸಾಲಿನಲ್ಲಿ ನಿಲ್ಲಬೇಕಾದ ಬರಹವು ಆ ಸಾಲಿಗೆ ತಕ್ಕುದಾಗಿರಬೇಕಲ್ಲವೆ? ಅದೂ ಅಲ್ಲದೆ ಆ ಕಾಲದ ಮುದ್ರಣವು ಇಂದಿನಂತೆ ಸುಲಭವಾಗಿರಲಿಲ್ಲ. ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆಗಳನ್ನು ಕೈಯಿಂದ ಒಂದೊಂದಾಗಿ ಆರಿಸಿ ಸಾಲುಗಳನ್ನು ಜೋಡಿಸುತ್ತಿದ್ದರು. ಕನ್ನಡದಲ್ಲಿ ಕಾಗುಣಿತದ ಅಕ್ಷರಗಳೂ ಒತ್ತಕ್ಷರಗಳೂ ಸೇರಿ ಮೊಳೆಗಳ ಸಂಖ್ಯೆ ಬಹಳ ಹೆಚ್ಚು. ಜೋಡಣೆಯಾದ ಮೇಲೆ ಕರಡಚ್ಚನ್ನು ತೆಗೆದು ಸಂಪಾದಕರಿಗೆ ಕಳುಹಿಸುತ್ತಿದ್ದರು. ಆಗ ಒಂದು ವಾಕ್ಯವನ್ನು ಬದಲಿಸಿದರೆ ಅನೇಕ ಸಾಲುಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತಿತ್ತು. ಆದುದರಿಂದ ತಿದ್ದುವ ಕೆಲಸವೆಲ್ಲವೂ ಹಸ್ತಪ್ರತಿಯಲ್ಲಿಯೇ ಮುಗಿಯಬೇಕಾಗಿತ್ತು. ಅಚ್ಚಿಗೆ ಹೋಗುವ ಮುನ್ನ ಬೇರೆಯವರು ಓದುವುದು, ಸಂದೇಹಗಳನ್ನು ಸೂಚಿಸುವುದು, ಲೇಖಕನು ಮತ್ತೆ ಬರೆಯುವುದು ಅಂದಿನ ಪತ್ರಿಕೆಗಳಿಗೆ ಅನಿವಾರ್ಯವಾಗಿತ್ತು.

ತಿದ್ದಬೇಕಾದ ದೋಷಗಳಾದರೂ ಎಂಥವು? ಕಾಗುಣಿತದ ತಪ್ಪುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ, ಒತ್ತಕ್ಷರದ ಲೋಪ ಮೊದಲಾದವುಗಳನ್ನು ಒಂದು ಬಾರಿ ತೋರಿಸಿದರೆ ಸಾಕು. ಅದಕ್ಕಿಂತ ಸೂಕ್ಷ್ಮವಾದ ದೋಷಗಳು ಆ ಕಾಲದ ವಿದ್ಯಾವಂತರ ಬರಹದಲ್ಲಿದ್ದವು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವವನ ವಾಕ್ಯವು ಕನ್ನಡದ ಪದಗಳನ್ನು ಧರಿಸಿದ್ದರೂ ಕನ್ನಡದ ನಡಿಗೆಯನ್ನು ಬಲ್ಲುದಾಗಿರಲಿಲ್ಲ. ಪಾಂಡಿತ್ಯವನ್ನು ತೋರಿಸಬಯಸುವವನು ದೀರ್ಘವಾದ ಸಂಸ್ಕೃತ ಸಮಾಸಗಳನ್ನು ಹೇರಿ ಅರ್ಥವನ್ನು ಮುಚ್ಚಿಬಿಡುತ್ತಿದ್ದನು. ಹಳಗನ್ನಡವನ್ನು ಆಗತಾನೆ ಓದಿದವನು ಅದರ ರೂಪಗಳನ್ನು ಹೊಸಗನ್ನಡದಲ್ಲಿ ಬೆರಸುತ್ತಿದ್ದನು. ಈ ದೋಷಗಳು ಬರೆದವನಿಗೆ ದೋಷಗಳಾಗಿ ತೋರುವುದಿಲ್ಲ. ಬಹುಶಃ ತನ್ನ ಬರಹದ ಸೊಗಸು ಅಲ್ಲಿಯೇ ಇದೆಯೆಂದು ಅವನು ಭಾವಿಸಿರುತ್ತಾನೆ. ಓದುವ ಗೆಳೆಯನು ಎಲ್ಲಿ ತಡೆದು ನಿಲ್ಲುತ್ತಾನೋ, ಎಲ್ಲಿ ಮತ್ತೊಮ್ಮೆ ಓದಬೇಕಾಗುತ್ತದೆಯೋ, ಅಲ್ಲಿ ಏನೋ ಕೊರತೆಯಿದೆಯೆಂದು ತಿಳಿಯಬೇಕು.

ಶಾಸ್ತ್ರಿಗಳು ಶಿಸ್ತಿಗೆ ಹೆಸರಾದವರು. ಕಾಲಪಾಲನೆಯಲ್ಲಿ, ಕರ್ತವ್ಯದಲ್ಲಿ, ಬರವಣಿಗೆಯಲ್ಲಿ ಅವರಿಗೆ ಅಲಕ್ಷ್ಯವೆಂಬುದು ಸಹಿಸದು. ಇಂಥವರ ಕೈಗೆ ತನ್ನ ಮೊದಲ ಲೇಖನವನ್ನು ಒಪ್ಪಿಸುವ ತರುಣನ ಅಳುಕನ್ನು ನಾವು ಅರ್ಥಮಾಡಿಕೊಳ್ಳಬಹುದು. ಹಲವು ರಾತ್ರಿ ಎಚ್ಚರವಿದ್ದು ಬರೆದ ಪುಟಗಳು ಗುರುತುಗಳಿಂದ ತುಂಬಿ ಹಿಂದಿರುಗಿದರೆ ಯಾರ ಮನಸ್ಸಾದರೂ ಕುಗ್ಗದಿರಲಾರದು. ಅಂಥ ಸಮಯದಲ್ಲಿ ಎರಡು ದಾರಿಗಳು ಎದುರಿಗಿರುತ್ತವೆ. ನೊಂದು ಲೇಖನಿಯನ್ನು ಕೆಳಗಿಡುವುದು ಒಂದು. ಗುರುತು ಹಾಕಿದವರು ತನ್ನ ಪುಟಗಳಿಗಾಗಿ ತಮ್ಮ ಸಮಯವನ್ನು ವೆಚ್ಚ ಮಾಡಿದ್ದಾರೆಂಬುದನ್ನು ನೆನೆದು ಮತ್ತೆ ಬರೆಯಲು ಕುಳಿತುಕೊಳ್ಳುವುದು ಇನ್ನೊಂದು. ಎರಡನೆಯ ದಾರಿಯನ್ನು ಹಿಡಿದವರಿಂದಲೇ ಹೊಸಗನ್ನಡದ ಗದ್ಯವು ಬೆಳೆಯಿತು. ತಿದ್ದುವವರ ಮೇಲೂ ಒಂದು ಹೊಣೆಯುಂಟು. ಬರಹದ ದೋಷವನ್ನು ತೋರಿಸುವಾಗ ಬರೆದವನನ್ನು ಹಳಿಯಬಾರದು. ಅವನ ಮಾತನ್ನು ಕಿತ್ತುಹಾಕಿ ತಮ್ಮ ಮಾತನ್ನು ತುಂಬಬಾರದು. ವಿದ್ಯಾರ್ಥಿಗಳಿಗೆ ಬರೆಯುವ ವೇದಿಕೆಯನ್ನು ಒದಗಿಸುವುದಕ್ಕಾಗಿ ಶ್ರಮಪಟ್ಟ ಶಾಸ್ತ್ರಿಗಳ ಕಾಠಿನ್ಯದ ಹಿಂದೆ ಆ ವಿದ್ಯಾರ್ಥಿಗಳ ಮೇಲಿನ ಪ್ರೀತಿಯಿತ್ತೆಂಬುದರಲ್ಲಿ ಸಂದೇಹವಿಲ್ಲ.

ಇತರರನ್ನು ತಿದ್ದುವ ಅಧಿಕಾರವು ತಮ್ಮನ್ನು ತಿದ್ದಿಕೊಳ್ಳುವವರಿಗೆ ಮಾತ್ರ ಶೋಭಿಸುತ್ತದೆ. ಈ ವಿಷಯದಲ್ಲಿ ಶಾಸ್ತ್ರಿಗಳಿಗೆ ಒಂದು ಭಾಗ್ಯವಿತ್ತು. ಅದು ಟಿ. ಎಸ್. ವೆಂಕಣ್ಣಯ್ಯನವರ ಸ್ನೇಹ. ವೆಂಕಣ್ಣಯ್ಯನವರು ಚಳ್ಳಕೆರೆಯ ಸಮೀಪದ ತಳುಕಿನವರು, ೧೮೮೫ರಲ್ಲಿ ಜನಿಸಿದವರು. ಎತ್ತರವಾದ ನಿಲುವು, ಗಂಭೀರವಾದ ಮುಖ, ಮೃದುವಾದ ಮಾತು. ಇಬ್ಬರೂ ಕನ್ನಡದ ಅಧ್ಯಾಪಕರು, ಇಬ್ಬರೂ ಸಂಸ್ಕೃತ ಮತ್ತು ಬಂಗಾಳಿ ಸಾಹಿತ್ಯಗಳಲ್ಲಿ ಆಸಕ್ತರು, ಇಬ್ಬರೂ ವಿದ್ಯಾರ್ಥಿಗಳ ಏಳಿಗೆಯಲ್ಲಿ ತಮ್ಮ ಸಾರ್ಥಕ್ಯವನ್ನು ಕಂಡವರು. ದೇವಲೋಕದ ವೈದ್ಯರಾದ ಅಶ್ವಿನೀದೇವತೆಗಳು ಎಂದೂ ಅಗಲದ ಅವಳಿಗಳೆಂದು ಪುರಾಣಗಳು ಹೇಳುತ್ತವೆ. ಕನ್ನಡ ನಾಡು ಈ ಇಬ್ಬರು ಗೆಳೆಯರನ್ನು ಕನ್ನಡದ ಅಶ್ವಿನೀದೇವತೆಗಳೆಂದು ಕರೆದು ಗೌರವಿಸಿತು. ಸೊರಗಿದ್ದ ಕನ್ನಡಕ್ಕೆ ಆರೋಗ್ಯವನ್ನು ತಂದ ವೈದ್ಯರೆಂಬ ಅರ್ಥವೂ ಆ ಹೆಸರಿನಲ್ಲಿ ಅಡಗಿದೆ.

ಇವರಿಬ್ಬರೂ ಜೊತೆಗೂಡಿ ಶ್ರೀ ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದರು. ರಾಘವಾಂಕನ ಹರಿಶ್ಚಂದ್ರಕಾವ್ಯದ ಸಂಗ್ರಹವನ್ನೂ ಒಟ್ಟಿಗೆ ಸಿದ್ಧಪಡಿಸಿದರು. ಇಬ್ಬರು ಸೇರಿ ಒಂದು ಪುಸ್ತಕವನ್ನು ಬರೆಯುವುದು ಒಬ್ಬನೇ ಬರೆಯುವುದಕ್ಕಿಂತ ಸುಲಭವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಅದು ಹೆಚ್ಚು ಕಷ್ಟಸಾಧ್ಯ. ಒಬ್ಬರು ಬರೆದ ವಾಕ್ಯವನ್ನು ಮತ್ತೊಬ್ಬರು ಒಪ್ಪಬೇಕು. ಒಪ್ಪದಿದ್ದರೆ ಕಾರಣವನ್ನು ಹೇಳಬೇಕು. ಹೇಳಿದ ಕಾರಣವು ಸರಿಯೆನಿಸಿದರೆ ಬರೆದವರು ತಮ್ಮ ವಾಕ್ಯವನ್ನು ಬಿಟ್ಟುಕೊಡಬೇಕು. ಹೀಗೆ ಬಿಟ್ಟುಕೊಡುವಾಗ ಗೆದ್ದವರು ಯಾರು, ಸೋತವರು ಯಾರು ಎಂಬ ಲೆಕ್ಕ ಮನಸ್ಸಿನಲ್ಲಿದ್ದರೆ ಕೆಲಸ ಮುಂದೆ ಸಾಗದು. ಹರಿಶ್ಚಂದ್ರಕಾವ್ಯದಂಥ ದೊಡ್ಡ ಕೃತಿಯನ್ನು ಸಂಗ್ರಹಿಸುವಾಗ ಯಾವ ಪದ್ಯವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಪ್ರತಿ ಪುಟದಲ್ಲಿಯೂ ಏಳುತ್ತದೆ. ಆ ಪ್ರಶ್ನೆಗಳನ್ನೆಲ್ಲ ದಾಟಿ ಪುಸ್ತಕಗಳು ಹೊರಬಂದವು. ಸ್ನೇಹವೂ ಕೊನೆಯವರೆಗೆ ಉಳಿಯಿತು.

ವೆಂಕಣ್ಣಯ್ಯನವರು ಸ್ವಂತ ಹೆಸರಿನಲ್ಲಿ ಬರೆದುದು ಅಲ್ಪ. ಇತರರ ಬರವಣಿಗೆಯನ್ನು ಕೇಳುವುದರಲ್ಲಿ, ಮೆಚ್ಚುವುದರಲ್ಲಿ, ಸರಿಯಾದ ಮಾತನ್ನು ಸರಿಯಾದ ವೇಳೆಯಲ್ಲಿ ಹೇಳುವುದರಲ್ಲಿ ಅವರ ಪ್ರತಿಭೆ ವ್ಯಯವಾಯಿತು. ೧೯೨೭ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿಯು ಆರಂಭವಾದಾಗ ಕುವೆಂಪು ಅವರು ಅದನ್ನು ಸೇರಲು ವೆಂಕಣ್ಣಯ್ಯನವರ ಪ್ರೇರಣೆಯೇ ಕಾರಣವಾಯಿತು. ಮುಂದೆ ಕುವೆಂಪು ತಮ್ಮ ಮಹಾಕಾವ್ಯವಾದ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಈ ಗುರುವಿಗೆ ಅರ್ಪಿಸಿದರು. ಕೇಳುವ ಕಿವಿಗೆ ಕವಿಯು ಸಲ್ಲಿಸಿದ ಇಂಥ ಕಾಣಿಕೆ ವಿರಳ.

೧೯೩೯ರಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಅವರಿಗೆ ಆಗ ಇನ್ನೂ ಅರುವತ್ತು ತುಂಬಿರಲಿಲ್ಲ. ಅವಳಿಗಳಲ್ಲಿ ಒಬ್ಬರು ಹೋದ ಮೇಲೆ ಉಳಿದವರ ಪಾಲಿಗೆ ಬಂದ ನಷ್ಟವನ್ನು ಅಳೆಯಲಾಗದು. ಬರೆಯುವವನಿಗೆ ಮೆಚ್ಚುವವರು ಅನೇಕರು ದೊರೆಯಬಹುದು. ಬರೆದುದನ್ನು ಮೊದಲು ಓದಿ ಅಂಜಿಕೆಯಿಲ್ಲದೆ ಸತ್ಯವನ್ನು ಹೇಳುವ ಗೆಳೆಯನು ಒಬ್ಬನು ದೊರೆತರೆ ಅದೇ ಪುಣ್ಯ. ಆ ಗೆಳೆಯನನ್ನು ಕಳೆದುಕೊಂಡರೂ ಶಾಸ್ತ್ರಿಗಳು ಕೆಲಸವನ್ನು ನಿಲ್ಲಿಸಲಿಲ್ಲ. ಮೈಸೂರಿನಲ್ಲಿ ಕನ್ನಡ ವಿಭಾಗದ ಹೊಣೆಯನ್ನು ಹೊತ್ತು ನಡೆಸಿದರು. ಅಧ್ಯಾಪನವನ್ನೂ ಗ್ರಂಥರಚನೆಯನ್ನೂ ಮುಂದುವರಿಸಿದರು.

೧೯೪೧ರಲ್ಲಿ ಹೈದರಾಬಾದಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಡೆಯಿತು. ಶಾಸ್ತ್ರಿಗಳು ಅದರ ಅಧ್ಯಕ್ಷರಾಗಿ ಆರಿಸಲ್ಪಟ್ಟರು. ರಾಯಚೂರು ಪ್ರಾಂತದವರಿಗೆ ಈ ಸಂಗತಿ ವಿಶೇಷವಾಗಿ ಸ್ಮರಣೀಯ. ಆಗ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಹೈದರಾಬಾದು ನಿಜಾಮರ ಆಳ್ವಿಕೆಯಲ್ಲಿದ್ದವು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಉರ್ದು ಬೋಧನ ಭಾಷೆಯಾಗಿದ್ದಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಮೇಲಿನ ಶಿಕ್ಷಣ ದೊರೆಯುವಂತಿರಲಿಲ್ಲ. ಕನ್ನಡದಲ್ಲಿ ಬರೆಯುವ ಅಭ್ಯಾಸಕ್ಕೆ ಅವಕಾಶವೇ ವಿರಳವಾಗಿತ್ತು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆದ ಸಮ್ಮೇಳನವೂ ಏಳು ವರ್ಷಗಳ ತರುವಾಯ ಹೈದರಾಬಾದಿನಲ್ಲಿ ನಡೆದ ಈ ಸಮ್ಮೇಳನವೂ ಆ ಭಾಗದ ಕನ್ನಡಿಗರಿಗೆ ಧೈರ್ಯವನ್ನು ತಂದವು. ವಿದ್ಯಾರ್ಥಿಗಳ ಕೈಯಲ್ಲಿ ಕನ್ನಡವನ್ನು ಬರೆಯಿಸಿದ ಗುರುವೇ ಅಧ್ಯಕ್ಷಪೀಠದಲ್ಲಿ ಕುಳಿತುದು ಉಚಿತವೇ ಆಗಿತ್ತು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು; ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯು ಏಕೀಕೃತವಾದ ಕನ್ನಡ ರಾಜ್ಯದಲ್ಲಿ ಸೇರಿತು.

ಶಾಸ್ತ್ರಿಗಳ ಅತ್ಯಂತ ಪ್ರಸಿದ್ಧವಾದ ಕೃತಿ ‘ವಚನ ಭಾರತ’ ಪ್ರಕಟವಾದುದು ೧೯೫೦ರಲ್ಲಿ. ವ್ಯಾಸಭಾರತವು ಒಂದು ಲಕ್ಷ ಶ್ಲೋಕಗಳ ಗ್ರಂಥವೆಂದು ಪ್ರಸಿದ್ಧಿ. ಕನ್ನಡದಲ್ಲಿ ಪಂಪನೂ ಕುಮಾರವ್ಯಾಸನೂ ಆ ಕಥೆಯನ್ನು ತಮ್ಮತಮ್ಮ ಪ್ರತಿಭೆಗೆ ತಕ್ಕಂತೆ ಕಾವ್ಯವಾಗಿಸಿದ್ದರು. ಸಂಸ್ಕೃತವನ್ನಾಗಲಿ ಹಳೆಯ ಕಾವ್ಯಗಳನ್ನಾಗಲಿ ಓದಲಾರದ ಸಾಮಾನ್ಯರಿಗೆ ಮೂಲದ ಕಥೆಯನ್ನು ಒಂದೇ ಪುಸ್ತಕದಲ್ಲಿ ಸರಳವಾದ ಗದ್ಯದಲ್ಲಿ ಹೇಳುವ ಕಾರ್ಯವನ್ನು ಶಾಸ್ತ್ರಿಗಳು ಕೈಗೊಂಡರು. ಇಲ್ಲಿ ಬರೆಯುವುದಕ್ಕಿಂತ ಬಿಡುವುದೇ ಕಠಿಣ. ಕಥೆಯೊಳಗೆ ಕಥೆ, ಉಪದೇಶದೊಳಗೆ ಉಪದೇಶ ಹೆಣೆದುಕೊಂಡಿರುವ ಆ ಮಹಾಗ್ರಂಥದಲ್ಲಿ ಮುಖ್ಯವಾದ ಎಳೆಯು ಕಡಿಯದಂತೆ, ಪಾತ್ರಗಳ ಗೌರವಕ್ಕೆ ಕುಂದು ಬಾರದಂತೆ ಸಂಗ್ರಹಿಸಬೇಕು. ಹಲವು ವರ್ಷ ಇತರರ ಲೇಖನಗಳಲ್ಲಿ ಹೆಚ್ಚಿನದನ್ನು ತೆಗೆದುಹಾಕಿ ಸಾರವನ್ನು ಉಳಿಸಿದ ಸಂಪಾದಕರ ಕೈ ಈ ಕೆಲಸಕ್ಕೆ ಪಳಗಿದ್ದಿತು. ಸಂಸ್ಕೃತದಲ್ಲಿ ಮಹಾವಿದ್ವಾಂಸರಾಗಿದ್ದರೂ ಅವರು ಇಲ್ಲಿ ಸಂಸ್ಕೃತ ಪದಗಳ ಆಡಂಬರಕ್ಕೆ ಎಡೆಗೊಡಲಿಲ್ಲ. ವಾಕ್ಯಗಳು ಚಿಕ್ಕವು, ಸಂಭಾಷಣೆಗಳು ಸಹಜವಾದವು. ಅಂದಿನಿಂದ ಇಂದಿನವರೆಗೆ ಅನೇಕ ಮುದ್ರಣಗಳನ್ನು ಕಂಡಿರುವ ಆ ಪುಸ್ತಕವನ್ನು ಹಿರಿಯರೂ ಕಿರಿಯರೂ ಓದುತ್ತಲೇ ಇದ್ದಾರೆ. ಮಕ್ಕಳಿಗಾಗಿ ಅವರು ‘ನಿರ್ಮಲ ಭಾರತಿ’ಯನ್ನು ಬರೆದರು. ಒಂದೇ ಕಥೆಯನ್ನು ಓದುಗರ ವಯಸ್ಸಿಗೆ ತಕ್ಕಂತೆ ಮತ್ತೊಮ್ಮೆ ಬರೆಯಲು ಅವರಿಗೆ ಬೇಸರವಾಗಲಿಲ್ಲ.

ಅವರ ಇತರ ಕೃತಿಗಳೂ ಗಣ್ಯವಾದವು. ‘ಕಥಾಮೃತ’ವು ಕಥಾಸರಿತ್ಸಾಗರದ ಕಥೆಗಳನ್ನು ಕನ್ನಡಿಗರಿಗೆ ಪರಿಚಯಿಸುತ್ತದೆ. ‘ಸಂಸ್ಕೃತ ನಾಟಕ’ವು ಸಂಸ್ಕೃತದ ನಾಟಕಕಾರರನ್ನು ಕುರಿತ ಪ್ರೌಢ ಗ್ರಂಥ. ಸಣ್ಣ ಕಥೆಗಳನ್ನು ಬರೆಯುವಾಗ ಅವರು ಶ್ರೀಪತಿ ಎಂಬ ಹೆಸರನ್ನಿಟ್ಟುಕೊಂಡರು. ಆ ಕಥೆಗಳು ‘ಶ್ರೀಪತಿಯ ಕಥೆಗಳು’ ಎಂದು ಪ್ರಕಟವಾದವು. ಬಂಗಾಳಿಯ ಕಾದಂಬರಿಕಾರ ಬಂಕಿಮಚಂದ್ರರನ್ನು ಕುರಿತು ಅವರು ಬರೆದ ಗ್ರಂಥಕ್ಕೆ ೧೯೬೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಲಭಿಸಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ತಾರುಣ್ಯದಲ್ಲಿ ಗೆಳೆಯನೊಡನೆ ಬೆಳೆಸಿಕೊಂಡ ಬಂಗಾಳಿ ಸಾಹಿತ್ಯದ ಒಲವು ವೃದ್ಧಾಪ್ಯದಲ್ಲಿ ಫಲ ಕೊಟ್ಟಿತು. ೧೯೬೮ರ ಫೆಬ್ರವರಿ ತಿಂಗಳಿನಲ್ಲಿ ಶಾಸ್ತ್ರಿಗಳು ದಿವಂಗತರಾದರು.

ಅವರು ಆರಂಭಿಸಿದ ಕಾರ್ಯವು ಅವರೊಡನೆ ಮುಗಿಯಲಿಲ್ಲ. ‘ಪ್ರಬುದ್ಧ ಕರ್ಣಾಟಕ’ವನ್ನು ಮೈಸೂರು ವಿಶ್ವವಿದ್ಯಾನಿಲಯವು ವಹಿಸಿಕೊಂಡಿತು, ಒಂದು ಕಾಲೇಜಿನ ಸಂಘದಲ್ಲಿ ಹುಟ್ಟಿದ ಪತ್ರಿಕೆಯು ವಿಶ್ವವಿದ್ಯಾನಿಲಯದ ವಿದ್ವತ್ಪತ್ರಿಕೆಯಾಗಿ ಬೆಳೆಯಿತು. ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವನ್ನು ಮುಂದೆ ಜಿ. ಪಿ. ರಾಜರತ್ನಂ ಅವರು ಉತ್ಸಾಹದಿಂದ ನಡೆಸಿದರು. ‘ತುತ್ತೂರಿ’ಯ ಪದ್ಯಗಳಿಂದ ಕನ್ನಡದ ಮಕ್ಕಳೆಲ್ಲರಿಗೂ ಪರಿ­ಚಿತರಾದ ಅವರು ‘ವಿದ್ಯಾರ್ಥಿ ವಿಚಾರ ವಿಲಾಸ’ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳು ವಿಚಾರ ಮಾಡಿ ಬರೆದ ಬರಹಗಳಿಗೆ ಬೆಳಕು ಕಾಣಿಸಿದರು. ಹೀಗೆ ಒಬ್ಬರು ಬೆಳಗಿದ ದೀಪದಿಂದ ಮತ್ತೊಬ್ಬರು ದೀಪವನ್ನು ಹೊತ್ತಿಸಿಕೊಂಡರು.

ಇಂದು ಪಾಮನಕಲ್ಲೂರಿನಂಥ ಊರಿನ ಶಾಲೆಯಲ್ಲಿಯೂ ವಿದ್ಯಾರ್ಥಿಗಳು ತಮ್ಮ ಊರಿನ ಚರಿತ್ರೆಯನ್ನು ಕುರಿತೋ, ಜಾತ್ರೆಯನ್ನು ಕುರಿತೋ, ಸಮೀಪದ ಮಸ್ಕಿಯ ಅಶೋಕನ ಶಾಸನವನ್ನು ಕುರಿತೋ ಪ್ರಬಂಧವನ್ನು ಬರೆಯಬಹುದು. ಕೈಬರಹದ ಪತ್ರಿಕೆಯನ್ನು ಹೊರತರಬಹುದು. ಅದಕ್ಕೆ ದೊಡ್ಡ ನಗರವೂ ಬೇಡ, ಅಚ್ಚುಕೂಟವೂ ಬೇಡ. ಬರೆದುದನ್ನು ಜೊತೆಯ ವಿದ್ಯಾರ್ಥಿಯ ಕೈಗೆ ಕೊಡುವ ಧೈರ್ಯವೊಂದಿರಬೇಕು. ಓದಿದ ಗೆಳೆಯನು ಮೆಚ್ಚಿದರೆ ಸಂತೋಷಪಡೋಣ. ಇಲ್ಲಿ ಅರ್ಥವಾಗಲಿಲ್ಲವೆಂದು ಅವನು ಹೇಳಿದರೆ ಸಿಟ್ಟಾಗದೆ ಆ ಸಾಲನ್ನು ಮತ್ತೊಮ್ಮೆ ನೋಡೋಣ. ಅವನು ಹೇಳಿದುದೆಲ್ಲವನ್ನೂ ಒಪ್ಪಬೇಕೆಂಬ ನಿಯಮವಿಲ್ಲ. ಊರಿನ ಮಾತಿನಲ್ಲಿರುವ ಒಂದು ಪದವು ಗ್ರಂಥದಲ್ಲಿಲ್ಲವೆಂಬ ಕಾರಣದಿಂದ ಅವನು ಅದನ್ನು ತೆಗೆಯಬೇಕೆಂದರೆ, ಆ ಪದವಿಲ್ಲದೆ ಅರ್ಥವು ಕೆಡುವುದಾದರೆ, ಅದನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯ ಬರೆದವನಿಗುಂಟು. ಆದರೆ ಉಳಿಸಿಕೊಳ್ಳುವ ಮುನ್ನ ವಿಚಾರ ಮಾಡಬೇಕು. ಅವನ ಮಾತಿಗೆ ತನ್ನಲ್ಲಿ ಉತ್ತರವಿದೆಯೇ ಎಂದು ನೋಡಿಕೊಳ್ಳಬೇಕು.

ಕೃಷ್ಣಶಾಸ್ತ್ರಿಗಳು ಬಾಳಿದ ಕಾಲದಲ್ಲಿ ಕನ್ನಡವು ಹೊಸ ವಿಚಾರಗಳನ್ನು ಹೇಳಬಲ್ಲುದೇ ಎಂಬ ಪ್ರಶ್ನೆಯಿತ್ತು. ಅವರು ವಾದದಿಂದ ಅದಕ್ಕೆ ಉತ್ತರ ಕೊಡಲು ಹೋಗಲಿಲ್ಲ. ತರುಣರ ಕೈಗೆ ಲೇಖನಿಯನ್ನು ಕೊಟ್ಟು ಬರೆಯಿಸಿದರು, ತಿದ್ದಿದರು, ಮತ್ತೆ ಬರೆಯಿಸಿದರು. ತಾವೂ ಬರೆದು ಗೆಳೆಯರ ಮುಂದಿಟ್ಟರು. ನಾವು ಇಂದು ಅಳುಕಿಲ್ಲದೆ ಕನ್ನಡದಲ್ಲಿ ಓದಿ ಬರೆಯುತ್ತಿರುವುದರ ಹಿಂದೆ ಅವರ ಮತ್ತು ಅವರಂಥ ಅನೇಕರ ಶ್ರಮವಿದೆ. ಆ ಋಣವನ್ನು ತೀರಿಸಲು ನಾವು ಮಾಡಬಹುದಾದುದು ಇಷ್ಟೇ: ಎಚ್ಚರದಿಂದ ಬರೆಯುವುದು, ಗೆಳೆಯರ ಬರಹವನ್ನು ಪ್ರೀತಿಯಿಂದ ಓದುವುದು, ಅವರ ಮಾತನ್ನು ಕೇಳಿ ನಮ್ಮ ಬರಹವನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುವುದು.